ನಲ್ಲಿಯ ಲೆಕ್ಕ, ತಾರಸಿಯ ಲೆಕ್ಕ



2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳು ಕೋಡಿ ಬಿದ್ದವು. ವರ್ಷಗಟ್ಟಲೆ ಮರಳಿನ ಹಾಸಾಗಿ ಮಲಗಿದ್ದ ಉತ್ತರ ಪಿನಾಕಿನಿ ತುಂಬಿಕೊಂಡು ಆಂಧ್ರದ ಕಡೆಗೆ ಹರಿದಳು. ಚರಂಡಿ ಉಕ್ಕಿ ಮನೆಯೊಳಗೆ ನೀರು ನುಗ್ಗಿದವರಿಗೆ ಆ ತಿಂಗಳು ಇನ್ನೂ ಮರೆತಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕರ್ ಸಾಲು ದೇಶದ ಸುದ್ದಿಯಾಯಿತು. ನಮ್ಮ ಗೌರಿಬಿದನೂರಿನಲ್ಲಿ ಟ್ಯಾಂಕರು ಸುದ್ದಿಯಾಗುವುದಿಲ್ಲ, ಅದು ಪ್ರತಿ ಬೇಸಿಗೆಯ ಖರ್ಚು.

ಒಂದೇ ಊರು, ಎರಡು ವರ್ಷದ ಅಂತರದಲ್ಲಿ ನೀರು ಹೆಚ್ಚಾಗಿಯೂ ಕೆಟ್ಟಿತು, ನೀರಿಲ್ಲದೆಯೂ ಕೆಟ್ಟಿತು. ಹವಾಮಾನ ಬದಲಾವಣೆ ಎಂದು ವಿಜ್ಞಾನಿಗಳು ಹೇಳುವುದು ನಮ್ಮ ಬಯಲುಸೀಮೆಗೆ ಬಂದು ತಲುಪುವುದು ಬಹುಮಟ್ಟಿಗೆ ಈ ರೂಪದಲ್ಲಿ. ಮಳೆಯ ಒಟ್ಟು ಮೊತ್ತ ಎಷ್ಟು ಎನ್ನುವುದಕ್ಕಿಂತ ಅದು ಯಾವಾಗ, ಎಷ್ಟು ಜೋರಾಗಿ, ಎಷ್ಟು ದಿನ ಬಿಟ್ಟು ಬೀಳುತ್ತದೆ ಎನ್ನುವುದು ಏರುಪೇರಾಗುತ್ತಿದೆ. ಇದಕ್ಕೆ ಮನೆಮಂದಿ ಏನು ಮಾಡಬಹುದು, ಅದನ್ನು ಮಾಡುವಂತೆ ನಗರಸಭೆಯ ಬಿಲ್ಲು ಹೇಗೆ ಒತ್ತಾಸೆ ಕೊಡಬಹುದು ಎನ್ನುವುದು ಇವತ್ತಿನ ವಿಷಯ. ನಾನು ಹೇಳಲು ಬಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಗೌರಿಬಿದನೂರಿನಂಥ ಊರಿನಲ್ಲಿ ಶುಲ್ಕವನ್ನಾಗಲಿ ರಿಯಾಯಿತಿಯನ್ನಾಗಲಿ ನಲ್ಲಿಗೆ ಕಟ್ಟಿದರೆ ಅದು ಬಡವರ ಮೇಲೆ ಬೀಳುತ್ತದೆ. ಕಟ್ಟಬೇಕಾದದ್ದು ತಾರಸಿಗೆ. ಯಾರ ಕಾಂಕ್ರೀಟು ಎಷ್ಟು ಮಳೆಯನ್ನು ಚರಂಡಿಗೆ ತಳ್ಳುತ್ತದೆ, ಯಾರ ಮನೆ ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದರ ಮೇಲೆ ಲೆಕ್ಕ ನಡೆಯಬೇಕು.

ನೀರು ಹಿಡಿದವನಿಗೆ ಕಂದಾಯದಲ್ಲಿ ಬಿಡುವು ಕೊಡುವುದು ಈ ನೆಲಕ್ಕೆ ಹೊಸದಲ್ಲ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಆಗಿನ ಕೋಲಾರ ಜಿಲ್ಲೆಯದು. ನಮ್ಮ ತಾಲ್ಲೂಕಿನ ಶಾಸನಗಳೂ ಅದರಲ್ಲೇ ಸೇರಿವೆ. ಈ ಸೀಮೆಯ ಶಾಸನಗಳಲ್ಲಿ ಕಟ್ಟುಕೊಡಗೆ, ದಸವಂದ ಎಂಬ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿಯನ್ನು ದುರಸ್ತಿ ಮಾಡಿಸಿದವರಿಗೆ, ಅದೇ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದಿಷ್ಟು ಭೂಮಿಯನ್ನು ಕಂದಾಯವಿಲ್ಲದೆಯೋ ಅಲ್ಪ ಕಂದಾಯಕ್ಕೋ ಬಿಟ್ಟುಕೊಡುತ್ತಿದ್ದರು. ತೂಬು ಎತ್ತಿ ಇಳಿಸುವ ನೀರಗಂಟಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಆಯ ಸಲ್ಲುತ್ತಿತ್ತು. ಈ ಏರ್ಪಾಟಿನಲ್ಲಿ ಜಾತಿಯ ಏಣಿಯೂ ಇತ್ತು, ನೀರಗಂಟಿಯ ಮನೆಯವರು ಆ ಕೆಲಸದಿಂದ ಹೊರಬರಲಾಗದ ಕಷ್ಟವೂ ಇತ್ತು. ಅದನ್ನು ಮರೆತು ಹಳೆಯದನ್ನು ಕೊಂಡಾಡುವುದು ನನ್ನ ಉದ್ದೇಶವಲ್ಲ. ಆದರೆ ಅದರ ಒಳಗಿನ ಲೆಕ್ಕಾಚಾರ ಗಟ್ಟಿಯಾದದ್ದು: ನೀರನ್ನು ಹಿಡಿದಿಟ್ಟವನ ಕೆಲಸದಿಂದ ಊರಿಗೆಲ್ಲ ಲಾಭ, ಆದ್ದರಿಂದ ಊರು ಅವನಿಗೆ ತನ್ನ ಬರಬೇಕಾದ ಕಂದಾಯದಲ್ಲೇ ಒಂದು ಪಾಲು ಬಿಡಬೇಕು. ಬಿಡುವು ಸಿಗುತ್ತಿದ್ದದ್ದು ಆ ಕೆರೆಯ ನೀರು ಹರಿದ ಭೂಮಿಯಲ್ಲೇ. ಕೆರೆ ಒಡೆದರೆ ದತ್ತಿಯ ಗದ್ದೆಯೂ ಒಣಗುತ್ತಿತ್ತು.

ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯವರಾದ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದಲ್ಲಿ ಎಂಜಿನಿಯರ್ ಆಗಿದ್ದಾಗ, 1899ರ ಸುಮಾರಿಗೆ ನೀರಾ ಕಾಲುವೆಯ ಮೇಲೆ ತಂದ ಬ್ಲಾಕ್ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಕಾಲುವೆ ನೀರೆಲ್ಲ ಕೆಲವರ ಕಬ್ಬಿಗೇ ಹೋಗುತ್ತಿತ್ತು. ಅವರು ಊರಿನ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಇಷ್ಟು ಭಾಗಕ್ಕೆ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ ಎಂದು ಗೊತ್ತು ಮಾಡಿ ನೀರನ್ನು ಹೆಚ್ಚು ಕುಟುಂಬಗಳಿಗೆ ಹಂಚಿದರು. ಮೊದಮೊದಲು ವಿರೋಧ ಬಂತು. ರೈತರೊಂದಿಗೆ ಸಭೆ ಕೂತು ಒಪ್ಪಿಸಿದರು. ಅಣೆಕಟ್ಟಿನ ವಿಶ್ವೇಶ್ವರಯ್ಯ ಎಲ್ಲರಿಗೂ ಗೊತ್ತು. ನೀರಿನ ನಿಯಮ ಬರೆದ ವಿಶ್ವೇಶ್ವರಯ್ಯ ನಮಗೆ ಇವತ್ತು ಹೆಚ್ಚು ಬೇಕಾಗಿದ್ದಾರೆ ಎಂದು ನನಗನ್ನಿಸುತ್ತದೆ.

ಈಗಿನ ಬಿಲ್ಲಿಗೆ ಬರೋಣ. ನಮ್ಮ ಸಣ್ಣ ಊರುಗಳಲ್ಲಿ ಬಹುಪಾಲು ನಲ್ಲಿಗಳಿಗೆ ಮೀಟರಿಲ್ಲ, ಅಥವಾ ಇದ್ದರೂ ಓದುವವರಿಲ್ಲ. ತಿಂಗಳಿಗೆ ಇಷ್ಟು ಎಂದು ನಿಗದಿಯಾದ ಮೊತ್ತ, ಅದೂ ವರ್ಷಾನುಗಟ್ಟಲೆ ಬಾಕಿ. ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ದಿನಾ ಬರುವುದಿಲ್ಲ. ಮನೆಯವರು ನೀರಿಗೆ ನಿಜವಾಗಿ ಕೊಡುವ ಹಣ ನಗರಸಭೆಯ ರಸೀದಿಯಲ್ಲಿ ಕಾಣುವುದೇ ಇಲ್ಲ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸುವ ಇಪ್ಪತ್ತು ಲೀಟರ್ ಕ್ಯಾನು, ಬೇಸಿಗೆಯ ಟ್ಯಾಂಕರು, ಸಂಪಿನಿಂದ ತಾರಸಿಯ ಟ್ಯಾಂಕಿಗೆ ಎತ್ತುವ ಮೋಟರಿನ ಕರೆಂಟು, ಕೈಕೊಟ್ಟ ಬೋರಿನ ಸಾಲ, ಇವೆಲ್ಲ ಸೇರಿದರೆ ನೀರಿನ ಖರ್ಚು. ಇದರಲ್ಲಿ ನಗರಸಭೆಯ ಪಾಲು ಅತಿ ಚಿಕ್ಕದು. ಈ ಚಿಕ್ಕ ಮೊತ್ತವನ್ನು ಶೇಕಡಾ ಇಷ್ಟು ಏರಿಸಿ, ಇಷ್ಟು ಇಳಿಸಿ ಮನೆಯವರ ನಡವಳಿಕೆ ಬದಲಾಯಿಸುತ್ತೇವೆ ಎನ್ನುವುದು ಆಗದ ಮಾತು.

ಬೆಂಗಳೂರಿನ ಅನುಭವ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಅಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ರಾಜ್ಯದಲ್ಲಿ ನೀರಿನ ಬಿಲ್ಲನ್ನು ಮಳೆಕೊಯ್ಲಿಗೆ ಜೋಡಿಸಿದ ದೊಡ್ಡ ಪ್ರಯೋಗ ಅದೇ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು, 60x40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ 30x40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ ಮಾಡಿದರು. ಜಯನಗರದಲ್ಲಿ ವಿಶ್ವೇಶ್ವರಯ್ಯನವರ ಹೆಸರಿನಲ್ಲೇ ಮಳೆಕೊಯ್ಲಿನ ಮಾಹಿತಿ ಉದ್ಯಾನ ತೆರೆದರು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ. ಆರ್. ಶಿವಕುಮಾರ್ ಅವರು ವಿಜಯನಗರದ ತಮ್ಮ ಸ್ವಂತ ಮನೆಯನ್ನು 1990ರ ದಶಕದಿಂದಲೇ ಮಳೆನೀರಿನ ಮೇಲೆ ನಡೆಸಿ ಇದು ಆಗುವ ಕೆಲಸವೆಂದು ತೋರಿಸಿದ್ದರು. ಹೀಗೆ ತಿಳಿವಳಿಕೆಯೂ ಇತ್ತು, ತಂತ್ರವೂ ಇತ್ತು, ಕಾನೂನೂ ಇತ್ತು.

ಅಳವಡಿಸದವರಿಗೆ ಮುಂದೆ ದಂಡ ಬಂತು. ವಾಸದ ಮನೆಗೆ ಮೊದಲ ಮೂರು ತಿಂಗಳು ಬಿಲ್ಲಿನ ಶೇ 25, ಆಮೇಲೆ ಶೇ 50. ವಾಣಿಜ್ಯ ಕಟ್ಟಡಗಳಿಗೆ ಶೇ 50, ನಂತರ ಶೇ 100. ಕೇಳಲು ಕಠಿಣವಾಗಿದೆ. ಈಗ ಲೆಕ್ಕ ಹಾಕಿ. 2014ರಿಂದ 2025ರವರೆಗೆ ಜಾರಿಯಲ್ಲಿದ್ದ ದರದಂತೆ ಮೊದಲ ಎಂಟು ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ, ಅಲ್ಲಿಂದ ಇಪ್ಪತ್ತೈದು ಸಾವಿರದವರೆಗೆ 11 ರೂಪಾಯಿ. ತಿಂಗಳಿಗೆ ಇಪ್ಪತ್ತು ಸಾವಿರ ಲೀಟರ್ ಬಳಸುವ ಮನೆಗೆ ನೀರಿನ ಬಾಬ್ತು 188 ರೂಪಾಯಿ. ಒಳಚರಂಡಿ ಶುಲ್ಕ ಸೇರಿಸಿ 250 ಎಂದುಕೊಳ್ಳೋಣ. ಅದರ ಅರ್ಧ ದಂಡ ಎಂದರೆ ತಿಂಗಳಿಗೆ 125, ವರ್ಷಕ್ಕೆ 1,500. ಸಂಪು ಇರುವ ಮನೆಗೂ ಪೈಪು, ಫಿಲ್ಟರು, ಇಂಗುಗುಂಡಿ ಎಲ್ಲ ಸೇರಿ 30 ಸಾವಿರ ಬೇಕು ಎಂದು ಹಿಡಿದರೆ, ದಂಡ ಆ ಮೊತ್ತಕ್ಕೆ ಸಮನಾಗಲು ಇಪ್ಪತ್ತು ವರ್ಷ ಹಿಡಿಯುತ್ತದೆ. ಮನೆ ಯಜಮಾನರು ದಂಡ ಕಟ್ಟುವುದೇ ಲೇಸೆಂದರೆ ಅವರನ್ನು ದೂರುವುದು ಹೇಗೆ? ಸಾವಿರಾರು ಮನೆಗಳು ಹಾಗೇ ಮಾಡಿದವು. ಜಲಮಂಡಳಿಗೆ ಕೋಟಿಗಟ್ಟಲೆ ದಂಡ ಬಂತು, ಮಳೆನೀರು ಚರಂಡಿಗೆ ಹೋಗುತ್ತಲೇ ಇತ್ತು. ಮನೆಯವರ ಕಣ್ಣಿಗೆ ದಂಡವು ಮಳೆಯನ್ನು ಬಿಟ್ಟುಬಿಡಲು ಪಡೆದ ಪರವಾನಗಿಯ ಶುಲ್ಕವಾಯಿತು. ಕಾನೂನಿನ ಒತ್ತಾಯಕ್ಕೆ ಅಳವಡಿಸಿದವರೂ ಲಕ್ಷಕ್ಕೂ ಮೀರಿ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಾಡಿದವರಿಗೆ ಬಿಲ್ಲಿನಲ್ಲಿ ಒಂದು ಸಾಲಿನಷ್ಟು ಉಪಕಾರವೂ ಕಾಣಲಿಲ್ಲ. ಮಾಡದವರಿಗೆ ಮಾತ್ರ ಬಿಲ್ಲು ಮಾತಾಡಿತು.

ಇದಕ್ಕೆ ಎದುರಾಗಿ ನಮ್ಮದೇ ವಿದ್ಯುತ್ ಬಿಲ್ಲಿನ ಉದಾಹರಣೆ ಇದೆ. ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಇಟ್ಟ ಮನೆಗೆ ಬೆಸ್ಕಾಂ ವರ್ಷಗಳ ಕಾಲ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಬಿಡುವು ಕೊಟ್ಟಿತು. ಮೊತ್ತ ಸಣ್ಣದು. ಆದರೆ ಪ್ರತಿ ತಿಂಗಳೂ ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಇತ್ತು, ಪಕ್ಕದ ಮನೆಯವರು ಅದನ್ನು ನೋಡಿ ವಿಚಾರಿಸುತ್ತಿದ್ದರು. ಹೊಸ ಕಟ್ಟಡಕ್ಕೆ ಸಂಪರ್ಕ ಬೇಕಾದರೆ ಹೀಟರ್ ಇರಬೇಕೆಂಬ ನಿಯಮವೂ ಜೊತೆಗಿತ್ತು. ಬಿಡುವು ಮತ್ತು ನಿಯಮ ಎರಡೂ ಒಂದೇ ದಿಕ್ಕಿಗೆ ಎಳೆದದ್ದರಿಂದ ಇವತ್ತು ಬೆಂಗಳೂರಿನ ತಾರಸಿಗಳಲ್ಲಿ ಆ ಗಾಜಿನ ಕೊಳವೆಗಳು ಸಾಮಾನ್ಯ ದೃಶ್ಯ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಹಳಷ್ಟು ಮನೆಗಳ ಬಿಲ್ಲು ಸೊನ್ನೆಯಾಯಿತು. ಬಡ ಮನೆಗಳಿಗೆ ಅದು ದೊಡ್ಡ ಆಸರೆ, ಅದನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಆದರೆ ಸೊನ್ನೆ ಬಿಲ್ಲಿನಲ್ಲಿ ರಿಯಾಯಿತಿ ಕೊಡಲು ಜಾಗ ಉಳಿಯುವುದಿಲ್ಲ ಎನ್ನುವುದನ್ನು ಗಮನದಲ್ಲಿಡಬೇಕು. ಹಾಗಾಗಿ ಇನ್ನೊಂದು ಬಿಲ್ಲನ್ನು ಹುಡುಕಬೇಕಾಗಿದೆ.

ನಲ್ಲಿಗೇ ಮೀಟರ್ ಹಾಕಿದರೆ ಆಯಿತಲ್ಲ ಎಂದು ಕೆಲವರು ಕೇಳಬಹುದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 2008ರ ಸುಮಾರಿಗೆ ದಿನದ ಇಪ್ಪತ್ತನಾಲ್ಕು ಗಂಟೆ ನೀರು ಕೊಟ್ಟು ಮೀಟರಿನ ಮೇಲೆ ಬಿಲ್ಲು ಮಾಡಿದರು. ನೀರು ನಿಜವಾಗಿ ಬಂದಾಗ ಜನ ಮೀಟರನ್ನು ಒಪ್ಪಿದರು. ಅದೇ ಜಲಜೀವನ ಯೋಜನೆಯಲ್ಲಿ ನಮ್ಮ ಹಳ್ಳಿಗಳ ನಲ್ಲಿಗೆ ಮೀಟರ್ ಕೂರಿಸಲು ಹೋದಾಗ ಎಷ್ಟೋ ಕಡೆ ಹೆಂಗಸರು ಅಡ್ಡ ನಿಂತರು. ಬರುವ ನೀರೇ ಗ್ಯಾರಂಟಿ ಇಲ್ಲದಿರುವಾಗ ಅಳೆಯುವ ಯಂತ್ರ ಮೊದಲು ಬಂದರೆ ಅನುಮಾನ ಬರುವುದು ಸಹಜ. ಅವರ ವಿರೋಧದಲ್ಲಿ ನ್ಯಾಯವಿದೆ.

ಇನ್ನೂ ದೊಡ್ಡ ತೊಡಕನ್ನು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಕಲಿಸಿದೆ. ಸತತ ಮೂರು ವರ್ಷ ಮಳೆ ಕೈಕೊಟ್ಟು, 2018ರಲ್ಲಿ ಊರಿನ ನಲ್ಲಿಗಳನ್ನೇ ನಿಲ್ಲಿಸುವ ದಿನ ಹತ್ತಿರ ಬಂದಿತ್ತು. ಫೆಬ್ರುವರಿಯಿಂದ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದರು. ಹೆಚ್ಚು ಬಳಸುವವರಿಗೆ ದರವನ್ನು ಕಡಿದಾಗಿ ಏರಿಸಿದರು. ಮಿತಿಯೊಳಗೆ ಬಳಸಿದ ಮನೆಗಳನ್ನು ನಗರದ ನಕ್ಷೆಯಲ್ಲಿ ಹಸಿರು ಚುಕ್ಕೆಯಿಂದ ತೋರಿಸಿದರು. ಕೆಲವೇ ವರ್ಷಗಳಲ್ಲಿ ನಗರದ ಬಳಕೆ ಸುಮಾರು ಅರ್ಧಕ್ಕೆ ಇಳಿಯಿತು, ಆ ದಿನವನ್ನು ತಪ್ಪಿಸಿಕೊಂಡರು. ಇದು ಆ ಊರಿನ ಜನರ ದೊಡ್ಡ ಸಾಧನೆ. ಆದರೆ ಉಳ್ಳವರು ಬೋರು ಕೊರೆಸಿಕೊಂಡರು, ಟ್ಯಾಂಕಿ ಕಟ್ಟಿಸಿಕೊಂಡರು, ನಗರದ ಬಿಲ್ಲಿನಿಂದ ಹೊರಗೆ ಜಾರಿದರು. ಹೆಚ್ಚು ದರ ಕೊಡುತ್ತಿದ್ದ ಮನೆಗಳೇ ಹೋದ ಮೇಲೆ ಪುರಸಭೆಯ ಆದಾಯ ಕುಸಿಯಿತು. ಕೊನೆಗೆ ಬಳಕೆ ಎಷ್ಟೇ ಇರಲಿ, ಪೈಪಿನ ಗಾತ್ರದ ಮೇಲೆ ಒಂದು ಸ್ಥಿರ ಶುಲ್ಕ ಹಾಕಬೇಕಾಯಿತು.

ಕೇಪ್‌ಟೌನಿನಲ್ಲಿ ಬರದಿಂದ ಶುರುವಾದದ್ದು ನಮ್ಮಲ್ಲಿ ಈಗಾಗಲೇ ಮುಗಿದ ಕಥೆ. ಅಂತರ್ಜಲದ ಅಧಿಕೃತ ಪಟ್ಟಿಗಳಲ್ಲಿ ಗೌರಿಬಿದನೂರು ಬಹುಕಾಲದಿಂದ ಅತಿಬಳಕೆಯ ತಾಲ್ಲೂಕು. ಸಾವಿರ ಅಡಿ, ಹದಿನೈದು ನೂರು ಅಡಿ ಎನ್ನುವುದು ಇಲ್ಲಿ ಮಾಮೂಲಿ ಮಾತು. ಹಣವಿದ್ದ ಮನೆಗೆ ಸ್ವಂತ ಬೋರಿದೆ. ನಲ್ಲಿಯನ್ನೇ ನಂಬಿ ಕೂತವರು ಬೋರಿಲ್ಲದ ಮನೆಯವರು, ಬಾಡಿಗೆಯವರು, ಶೀಟಿನ ಮನೆಯವರು. ನಲ್ಲಿಯ ದರ ಏರಿಸಿ ಉಳಿತಾಯ ಕಲಿಸುತ್ತೇವೆಂದರೆ, ಈಗಾಗಲೇ ಬಿಂದಿಗೆಯಲ್ಲಿ ಅಳೆದು ಬಳಸುವವರಿಗೇ ಪಾಠ ಹೇಳಿದಂತೆ. ನಲ್ಲಿಯ ಲೆಕ್ಕ ಇಲ್ಲಿ ಸಲ್ಲದು ಎನ್ನಲು ನನಗಿರುವ ದೊಡ್ಡ ಕಾರಣ ಇದು.

ಹಾಗಾದರೆ ತಾರಸಿಯ ಲೆಕ್ಕ ಎಂದರೇನು? ಜರ್ಮನಿಯ ನಗರಗಳಲ್ಲಿ ಒಳಚರಂಡಿ ಶುಲ್ಕವನ್ನು ಎರಡು ಭಾಗ ಮಾಡಿದ್ದಾರೆ. ಮನೆಯ ಕೊಳಚೆ ನೀರಿಗೆ ಒಂದು, ನಿವೇಶನದಿಂದ ಚರಂಡಿಗೆ ಹರಿದುಹೋಗುವ ಮಳೆನೀರಿಗೆ ಇನ್ನೊಂದು. ಎರಡನೆಯದನ್ನು ಮುಚ್ಚಿದ ನೆಲದ ಚದರ ಮೀಟರಿನ ಮೇಲೆ ಹಾಕುತ್ತಾರೆ. ಛಾವಣಿ, ಸಿಮೆಂಟು ಅಂಗಳ, ವಾಹನ ನಿಲ್ಲಿಸುವ ಜಾಗ ಎಲ್ಲ ಸೇರುತ್ತದೆ. ಅಂಗಳದ ಕಲ್ಲು ಕಿತ್ತು ಮಣ್ಣು ಬಿಟ್ಟರೆ, ತೊಟ್ಟಿ ಕಟ್ಟಿ ನೀರು ಹಿಡಿದರೆ ಶುಲ್ಕ ಇಳಿಯುತ್ತದೆ. ಬೋರು ಇರಲಿ ಇಲ್ಲದಿರಲಿ, ಯಾರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರರು, ಯಾಕೆಂದರೆ ಮಳೆ ಎಲ್ಲರ ತಾರಸಿಯ ಮೇಲೂ ಬೀಳುತ್ತದೆ. ದೊಡ್ಡ ಕಟ್ಟಡಕ್ಕೆ ದೊಡ್ಡ ಬಾಬ್ತು, ಗುಡಿಸಲಿಗೆ ಅತ್ಯಲ್ಪ. ನಮ್ಮ ಊರಿನ ಎರಡು ಸಂಕಟಗಳಿಗೂ, ನವೆಂಬರಿನ ಚರಂಡಿಗೂ ಏಪ್ರಿಲಿನ ಟ್ಯಾಂಕರಿಗೂ, ಇದೊಂದೇ ಅಳತೆ ಸಾಕು.

ನಮ್ಮ ಸೀಮೆಯ ಅಂಕಿಗಳನ್ನೇ ಹಾಕಿ ನೋಡೋಣ. ವರ್ಷದ ಮಳೆ ಸುಮಾರು 700 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸಾವಿರ ಚದರಡಿಯ ಆರ್‌ಸಿಸಿ ತಾರಸಿ ಎಂದರೆ 93 ಚದರ ಮೀಟರ್. ಅದರ ಮೇಲೆ ಬೀಳುವುದು 65 ಸಾವಿರ ಲೀಟರ್. ಆವಿಯಾಗಿ, ಚಿಮ್ಮಿ, ಮೊದಲ ಮಳೆಯ ಕೊಳೆ ತೊಳೆದು ಐದರಲ್ಲೊಂದು ಪಾಲು ಹೋದರೂ 52 ಸಾವಿರ ಲೀಟರ್ ಕೈಗೆ ಸಿಗುತ್ತದೆ. ನಾಲ್ಕು ಜನರ ಮನೆಗೆ ದಿನಕ್ಕೆ 400 ಲೀಟರ್ ಹಿಡಿದರೆ 130 ದಿನದ ನೀರು. ಅಷ್ಟನ್ನೂ ಒಮ್ಮೆಗೇ ತುಂಬಿಡುವ ಸಂಪು ಯಾರ ಮನೆಯಲ್ಲೂ ಇರುವುದಿಲ್ಲ, ನಿಜ. ಆರೇಳು ಸಾವಿರ ಲೀಟರಿನ ಸಂಪು ಮಳೆಗಾಲದಲ್ಲಿ ತುಂಬುತ್ತ ಖಾಲಿಯಾಗುತ್ತ ಹೋಗುತ್ತದೆ. ಸೆಪ್ಟೆಂಬರ್-ಅಕ್ಟೋಬರಿನ ಜೋರು ಮಳೆಯಲ್ಲಿ ಉಕ್ಕಿದ್ದು ಇಂಗುಗುಂಡಿಗೆ ಹೋಗಬೇಕು. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ, ಇಂಗಿದ್ದೆಲ್ಲ ನಿಮ್ಮ ಬೋರಿಗೇ ಬರುತ್ತದೆಂಬ ಭರವಸೆ ಯಾರೂ ಕೊಡಬಾರದು. ಅದಕ್ಕಾಗಿಯೇ ಮೊದಲು ಹಿಡಿಯಬೇಕು, ಮಿಕ್ಕಿದ್ದನ್ನು ಇಂಗಿಸಬೇಕು. ಹಿಡಿದದ್ದು ಕಣ್ಣಿಗೆ ಕಾಣುವ ಲಾಭ.

ಕುಡಿಯುವ ನೀರಿಗೆ ಸಂಬಂಧಿಸಿ ಇನ್ನೊಂದು ಮಾತು ಸೇರಿಸಬೇಕು. ನಮ್ಮ ಜಿಲ್ಲೆಯ ಆಳದ ಬೋರುಗಳಲ್ಲಿ ಫ್ಲೋರೈಡು ಲೀಟರಿಗೆ ಒಂದೂವರೆ ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದ ಊರುಗಳು ಬಹಳ. ಹಲ್ಲು ಕಂದಿದ ಮಕ್ಕಳನ್ನು, ಮೊಣಕಾಲು ಸೊಟ್ಟಗಾದ ಹಿರಿಯರನ್ನು ನೋಡದೆ ಬೆಳೆದವರು ಈ ಸಭೆಯಲ್ಲಿ ಯಾರೂ ಇರಲಾರರು. ಆಕಾಶದಿಂದ ಬೀಳುವ ನೀರಿನಲ್ಲಿ ಆ ತೊಂದರೆ ಇಲ್ಲ. ಚೊಕ್ಕಟವಾದ ತಾರಸಿ, ಮುಚ್ಚಿದ ತೊಟ್ಟಿ, ಒಳ್ಳೆಯ ಫಿಲ್ಟರು ಇದ್ದರೆ, ಕಾಯಿಸಿ ಕುಡಿಯಲು ಅದು ಸಾವಿರ ಅಡಿಯ ನೀರಿಗಿಂತ ಮೇಲು. ಪಕ್ಕದ ಬಾಗೇಪಲ್ಲಿ ತಾಲ್ಲೂಕಿನ ಫ್ಲೋರೈಡ್ ಪೀಡಿತ ಹಳ್ಳಿಗಳಲ್ಲಿ ಸಚೇತನ ಯೋಜನೆಯಡಿ ಮನೆಮನೆಗೆ ಮಳೆನೀರಿನ ತೊಟ್ಟಿ ಕಟ್ಟಿಸಿದ್ದು ಇದೇ ಕಾರಣಕ್ಕೆ.

ರಿಯಾಯಿತಿಯ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಸಾವಿರ ಲೀಟರ್ ನೀರನ್ನು ಸಾವಿರ ಅಡಿಯಿಂದ ಮೇಲೆತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ 0.8 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟರು, ಪೈಪಿನ ನಷ್ಟ ಸೇರಿದರೆ ಅದು ಎರಡರಷ್ಟಾಗುತ್ತದೆ. ಒಂದು ಮನೆ ಮೂವತ್ತು ಸಾವಿರ ಲೀಟರನ್ನು ತಾರಸಿಯಿಂದಲೇ ಪಡೆದರೆ ಸುಮಾರು 48 ಯೂನಿಟ್ ಉಳಿಯಿತು. ಟ್ಯಾಂಕರ್ ಬಾಡಿಗೆ, ಸುಟ್ಟ ಮೋಟರಿನ ರಿಪೇರಿ, ಹೊಸ ಬೋರು ಕೊರೆಸುವ ಖರ್ಚು, ಚರಂಡಿ ಹೂಳೆತ್ತುವ ಖರ್ಚು ಇದರ ಮೇಲಿನದು. ಸ್ಥಳೀಯ ಸಂಸ್ಥೆಗಳು ವಿದ್ಯುತ್ ಕಂಪನಿಗಳಿಗೆ ಉಳಿಸಿಕೊಂಡಿರುವ ಬಾಕಿ ರಾಜ್ಯದುದ್ದಕ್ಕೂ ಹಳೆಯ ತಲೆನೋವು, ಅದರ ದೊಡ್ಡ ಪಾಲು ನೀರೆತ್ತುವ ಪಂಪುಗಳದ್ದೇ. ಆದ್ದರಿಂದ ಮಳೆ ಹಿಡಿದ ಮನೆಗೆ ವರ್ಷಕ್ಕೆ ಐನೂರು ರೂಪಾಯಿಯಷ್ಟು ಬಿಡುವುದು ದಾನವಲ್ಲ, ಆ ಮನೆ ಊರಿಗೆ ಉಳಿಸಿಕೊಟ್ಟ ಹಣದಲ್ಲಿ ಒಂದು ಪಾಲನ್ನು ಹಿಂದಿರುಗಿಸುವುದು.

ಇದನ್ನು ಕೊಡಲು ಸರಿಯಾದ ಜಾಗ ಮನೆ ಕಂದಾಯ. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ 5 ಬಿಡುವು ಎಂಬುದಕ್ಕೆ ನಮ್ಮ ಜನ ಎಷ್ಟು ಸ್ಪಂದಿಸುತ್ತಾರೆಂದು ತಿಳಿಯಲು ಏಪ್ರಿಲ್ ಕೊನೆಯ ವಾರ ನಗರಸಭೆ ಕಚೇರಿಗೆ ಹೋದರೆ ಸಾಕು. ಕಂದಾಯವನ್ನು ಈಗಾಗಲೇ ಮನೆಯವರೇ ಸ್ವಯಂ ಘೋಷಣೆ ಮಾಡಿ, ಕಟ್ಟಡದ ಅಳತೆಯನ್ನು ತಾವೇ ಬರೆದು ಕಟ್ಟುತ್ತಾರೆ. ತಾರಸಿಯ ಅಳತೆ ಆ ನಮೂನೆಯಲ್ಲೇ ಇದೆ. ಮಳೆನೀರು ಎಲ್ಲಿಗೆ ಹೋಗುತ್ತದೆ, ಸಂಪಿಗೋ, ಇಂಗುಗುಂಡಿಗೋ, ಚರಂಡಿಗೋ ಎಂದು ಇನ್ನೊಂದು ಕಾಲಂ ಸೇರಿಸಬೇಕು, ಅಷ್ಟೆ. ಮಹಾರಾಷ್ಟ್ರದ ಪುಣೆ ಮಹಾನಗರಪಾಲಿಕೆ ಮಳೆಕೊಯ್ಲು, ಸೌರಶಕ್ತಿ, ಎರೆಗೊಬ್ಬರ ಇವುಗಳಲ್ಲಿ ಒಂದನ್ನು ಮಾಡಿದ ಮನೆಗೆ ಆಸ್ತಿ ತೆರಿಗೆಯಲ್ಲಿ ಶೇ 5, ಒಂದಕ್ಕಿಂತ ಹೆಚ್ಚು ಮಾಡಿದರೆ ಶೇ 10 ಬಿಟ್ಟಿದೆ. ನಮ್ಮಲ್ಲೇ ಕಂದಾಯದ ಮೇಲೆ ಶೇ 6 ಗ್ರಂಥಾಲಯ ಕರ ಕಟ್ಟುತ್ತ ಬಂದಿದ್ದೇವೆ, ಊರಿನ ಗ್ರಂಥಾಲಯದ ದಿನಪತ್ರಿಕೆ ಅದರಿಂದಲೇ ಬರುತ್ತದೆ. ಒಂದು ಕೆಲಸಕ್ಕೆಂದೇ ಎತ್ತಿಟ್ಟ ಹಣದ ಬಗ್ಗೆ ಜನರಿಗೆ ಅಷ್ಟು ಅಸಮಾಧಾನವಿಲ್ಲ. ಮಳೆಯ ಬಾಬ್ತು ಕೂಡ ಹಾಗೆ ಬೇರೆ ಖಾತೆಯಲ್ಲಿರಬೇಕು.

ನನ್ನ ಸಲಹೆ ಹೀಗಿದೆ. ಮೊದಲ ಮೂರು ವರ್ಷ ಬರೀ ರಿಯಾಯಿತಿ, ದಂಡದ ಮಾತೇ ಬೇಡ. ಮಳೆ ಹಿಡಿದ ಮನೆಗೆ ಕಂದಾಯದ ಶೇ 10 ಅಥವಾ 500 ರೂಪಾಯಿ, ಯಾವುದು ಹೆಚ್ಚೋ ಅದು. ಕನಿಷ್ಠ ಮೊತ್ತವನ್ನು ಇಟ್ಟದ್ದಕ್ಕೆ ಕಾರಣ, ಚಿಕ್ಕ ಮನೆಯ ಕಂದಾಯದ ಶೇ 10 ಎಂದರೆ ಒಂದು ಪೈಪಿನ ಬೆಲೆಯೂ ಆಗುವುದಿಲ್ಲ. ನಾಲ್ಕನೆಯ ವರ್ಷದಿಂದ, 2,400 ಚದರಡಿಗೆ ಮೇಲ್ಪಟ್ಟ ನಿವೇಶನಗಳಿಗೆ ಮತ್ತು ವಾಣಿಜ್ಯ ಕಟ್ಟಡಗಳಿಗೆ ಮಾತ್ರ, ಮುಚ್ಚಿದ ನೆಲದ ಪ್ರತಿ ನೂರು ಚದರಡಿಗೆ ಇಷ್ಟೆಂದು ಮಳೆನೀರಿನ ಶುಲ್ಕ. ಕಲ್ಯಾಣ ಮಂಟಪ, ಪೆಟ್ರೋಲ್ ಬಂಕ್, ಶೋರೂಮು, ಖಾಸಗಿ ಶಾಲೆ ಇವು ಮುಖ್ಯ. ಹತ್ತು ಸಾವಿರ ಚದರಡಿ ಛಾವಣಿಯ ಒಂದು ಕಲ್ಯಾಣ ಮಂಟಪ ವರ್ಷಕ್ಕೆ ಐದು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ರಸ್ತೆಗೆ ಬಿಡುತ್ತದೆ. ಐದು ಸಾವಿರ ಲೀಟರಿನ ನೂರು ಟ್ಯಾಂಕರು ಅದು. ಅದೇ ಮಂಟಪಕ್ಕೆ ಮದುವೆಯ ದಿನ ಟ್ಯಾಂಕರಿನಲ್ಲಿ ನೀರು ಬರುತ್ತದೆ. ಅಲ್ಲಿಂದ ಬಂದ ಶುಲ್ಕ ಶೀಟಿನ ಮನೆಗಳಿರುವ ವಾರ್ಡುಗಳಲ್ಲಿ ಅಂಗನವಾಡಿಯ, ಸಮುದಾಯ ಭವನದ ಛಾವಣಿಯಿಂದ ನೀರು ಹಿಡಿಯುವ ಸಾರ್ವಜನಿಕ ತೊಟ್ಟಿಗಳಿಗೆ ಹೋಗಬೇಕು. ಕಂದಾಯವೇ ಅಲ್ಪವಾಗಿರುವವರಿಗೆ ರಿಯಾಯಿತಿಯಿಂದ ಉಪಯೋಗವಿಲ್ಲ. ಅವರಿಗೆ ನೀರೇ ಸಿಗಬೇಕು.

ಬಾಡಿಗೆದಾರರ ವಿಷಯ ಇದರಲ್ಲಿ ಅತಿ ಕಷ್ಟದ್ದು. ಕಂದಾಯದ ಬಿಡುವು ಮಾಲೀಕರಿಗೆ, ಟ್ಯಾಂಕರಿನ ಖರ್ಚು ಬಾಡಿಗೆಯವರಿಗೆ. ಪೂರ್ತಿ ಪರಿಹಾರ ನನಗೆ ಕಾಣುವುದಿಲ್ಲ. ಒಂದು ನಿಯಮವಾದರೂ ಬೇಕು: ಬಾಡಿಗೆ ಕೊಟ್ಟ ಕಟ್ಟಡಕ್ಕೆ ರಿಯಾಯಿತಿ ಸಿಗುವುದು ಹಿಡಿದ ನೀರಿನ ಪೈಪು ಎಲ್ಲ ಮನೆಗಳಿಗೂ ಹೋಗುತ್ತಿದ್ದರೆ ಮಾತ್ರ.

ಪರಿಶೀಲನೆಯನ್ನು ಕಚೇರಿಯ ಕಡತಕ್ಕೆ ಬಿಟ್ಟರೆ ಕಾಗದದ ಇಂಗುಗುಂಡಿಗಳೇ ಹುಟ್ಟುತ್ತವೆ. ಈಗಲೂ ಕಟ್ಟಡ ಪರವಾನಗಿಯ ನಕ್ಷೆಯಲ್ಲಿ ಮಳೆಕೊಯ್ಲಿನ ಪೈಪು ಚಂದವಾಗಿ ಬರೆದಿರುತ್ತದೆ, ಮನೆಯಲ್ಲಿ ಇರುವುದಿಲ್ಲ. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಆ ವಾರ್ಡಿನ ಸ್ತ್ರೀಶಕ್ತಿ ಸಂಘದವರು ಮನೆಗಳಿಗೆ ಹೋಗಿ ನೋಡಲಿ. ಪ್ರತಿ ಮನೆಗೆ ಇಷ್ಟೆಂದು ಅವರಿಗೆ ಸಂಭಾವನೆ ಕೊಡಲಿ. ತಾರಸಿ ಗುಡಿಸಿದೆಯೇ, ಫಿಲ್ಟರಿನ ಜಾಲರಿ ತೊಳೆದಿದೆಯೇ, ಗುಂಡಿಯಲ್ಲಿ ಹೂಳು ತುಂಬಿದೆಯೇ ಎಂದು ನೋಡಲು ಎಂಜಿನಿಯರ್ ಪದವಿ ಬೇಕಿಲ್ಲ. ರಿಯಾಯಿತಿ ಪ್ರತಿ ವರ್ಷ ಹೊಸದಾಗಿ ಗಳಿಸಬೇಕಾದದ್ದು. ಒಮ್ಮೆ ಪ್ರಮಾಣಪತ್ರ ಪಡೆದು ಇಪ್ಪತ್ತು ವರ್ಷ ತಿನ್ನುವಂತಿರಬಾರದು. ಕಟ್ಟುಕೊಡಗೆಯ ಗದ್ದೆ ಕೆರೆ ಚೆನ್ನಾಗಿರುವ ತನಕ ಮಾತ್ರ ಬೆಳೆ ಕೊಟ್ಟಿತು.

ನಗರಸಭೆಗೆ ಇದೆಲ್ಲ ತಾನೇ ಮಾಡುವ ಅಧಿಕಾರ ಪೂರ್ತಿ ಇಲ್ಲ, ಆಸ್ತಿ ತೆರಿಗೆಯ ಚೌಕಟ್ಟು ರಾಜ್ಯದ ಕಾಯ್ದೆಯದು. ಆದರೆ ಠರಾವು ಮಾಡಿ ಸರ್ಕಾರಕ್ಕೆ ಕಳಿಸಬಹುದು, ಎರಡು ವಾರ್ಡುಗಳಲ್ಲಿ ಪ್ರಯೋಗಕ್ಕೆ ಅನುಮತಿ ಕೇಳಬಹುದು. ಅದಕ್ಕೂ ಮುಂಚೆ ತನ್ನ ಕಚೇರಿ, ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ಆಸ್ಪತ್ರೆ, ಸರ್ಕಾರಿ ಶಾಲೆಗಳ ತಾರಸಿಗಳಲ್ಲಿ ಈ ಕೆಲಸ ಮುಗಿಸಬೇಕು. ಸರ್ಕಾರಿ ಕಟ್ಟಡದ ಪೈಪಿನಿಂದ ರಸ್ತೆಗೆ ನೀರು ಸುರಿಯುತ್ತಿರುವಾಗ ಮನೆಯವರನ್ನು ಕೇಳುವ ಮುಖ ಯಾರಿಗೂ ಇರುವುದಿಲ್ಲ.

ಇನ್ನೊಂದು ವಿಷಯ ಹೇಳದೆ ನಾನು ಕೂರಲಾರೆ. ವಾಟದಹೊಸಹಳ್ಳಿ ಕೆರೆಯಿಂದ ಗೌರಿಬಿದನೂರು ನಗರಕ್ಕೆ ಕುಡಿಯುವ ನೀರು ತರುವ ಯೋಜನೆಗೆ ಆ ಭಾಗದ ರೈತರು ವಿರೋಧ ಒಡ್ಡಿದ್ದಾರೆ. ನಗರದವರಿಗೆ ಕುಡಿಯುವ ನೀರು ಬೇಕು, ಅದೂ ನ್ಯಾಯ. ತಮ್ಮ ಅಚ್ಚುಕಟ್ಟು ಒಣಗುತ್ತದೆಂಬ ರೈತರ ಭಯ, ಅದೂ ನ್ಯಾಯ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆ, ಬೆಂಗಳೂರಿನ ಸಂಸ್ಕರಿಸಿದ ನೀರನ್ನು ನಮ್ಮ ಜಿಲ್ಲೆಯ ಕೆರೆಗಳಿಗೆ ತಂದ ಹೆಬ್ಬಾಳ-ನಾಗವಾರ ಕಣಿವೆ ಯೋಜನೆ, ಹೀಗೆ ನಮ್ಮ ನೀರಿನ ಆಸೆಯೆಲ್ಲ ಬೇರೆಯವರ ಕಡೆಯಿಂದ ಬರುವ ಪೈಪಿನ ಮೇಲೇ ನಿಂತಿದೆ. ಶಾಶ್ವತ ನೀರಾವರಿಗಾಗಿ ಈ ಬಯಲುಸೀಮೆಯ ಜನ ನಡೆಸಿದ ಹೋರಾಟದ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಹೋರಾಟ ನಿಲ್ಲಬಾರದು. ಆದರೆ ಹಳ್ಳಿಯ ಕೆರೆಗೆ ಪೈಪು ಹಾಕುವ ಮೊದಲು ನಗರ ತನ್ನ ತಾರಸಿಯ ನೀರನ್ನು ಏನು ಮಾಡಿತು ಎಂದು ವಾಟದಹೊಸಹಳ್ಳಿಯ ರೈತ ಕೇಳಿದರೆ, ಅವನ ಮುಂದಿಡಲು ನಮ್ಮ ಕೈಯಲ್ಲಿ ಒಂದು ಲೆಕ್ಕ ಇರಬೇಕು.

ಆ ಲೆಕ್ಕವನ್ನು ಶುರು ಮಾಡುವ ವಿದ್ಯಾರ್ಥಿಗಳು ಈ ಸಭೆಯಲ್ಲೇ ಇದ್ದಾರೆ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರ ಓದಿ ಬಂದು ಈ ಊರಿಗೆ ಕಾಲೇಜು ತಂದರು. ಪರೀಕ್ಷಿಸಿ ನೋಡದೆ ಯಾವುದನ್ನೂ ನಂಬಬಾರದೆಂದು ಜೀವನವಿಡೀ ಹೇಳಿದರು. ಮಳೆಯ ಅಂಕಿ ಪ್ರತಿ ಗ್ರಾಮ ಪಂಚಾಯಿತಿಯಿಂದಲೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ತಾರಸಿಯ ಅಳತೆಗೆ ಟೇಪು ಸಾಕು. ಈ ಮುಂಗಾರಿನಿಂದ ಮುಂದಿನ ಮಾರ್ಚಿನವರೆಗೆ ವಿದ್ಯಾರ್ಥಿಗಳು ಒಂದು ವಾರ್ಡಿನ ಮನೆಗಳನ್ನು ಅಳೆಯಲಿ: ಎಷ್ಟು ಚದರಡಿ ಛಾವಣಿ, ಎಷ್ಟು ಲೀಟರಿನ ಸಂಪು, ತಿಂಗಳಿಗೆ ಎಷ್ಟು ಟ್ಯಾಂಕರು, ಎಷ್ಟು ಕ್ಯಾನು. ನಾನು ಇಲ್ಲಿ ಹಾಕಿದ ಲೆಕ್ಕದಲ್ಲಿ ಎಲ್ಲಿ ಹೆಚ್ಚು ಹಿಡಿದಿದ್ದೇನೆ, ಎಲ್ಲಿ ಕಡಿಮೆ ಹಿಡಿದಿದ್ದೇನೆ ಎಂದು ಅವರು ತಿದ್ದಲಿ. ಏಪ್ರಿಲಿನಲ್ಲಿ ಜನ ಕಂದಾಯ ಕಟ್ಟಲು ಬರುವ ಹೊತ್ತಿಗೆ ಆ ವಾರ್ಡಿನ ಲೆಕ್ಕ ನಗರಸಭೆಯ ಸಾಮಾನ್ಯ ಸಭೆಯ ಮುಂದೆ ಇರಲಿ, ಠರಾವಿನ ಕರಡೂ ಅದರ ಜೊತೆಗೇ ಹೋಗಲಿ.